ಬಾಕ್ಸಿಂಗ್‌ನ ದೊಡ್ಡ ಜೋಡಿಗಳು: ಯಾವ ಕಾಲದ ಪೈಪೋಟಿ ಮೇಲು?

ಬಿಸಿಲೂರು_ಬಳ್ಳಾರಿ:
ಒಂದು ಜಗಳ ಬಗೆಹರಿಸಿ ಕೊಡಿ. 2025ರ ಜುಲೈನಲ್ಲಿ ಕೇಟೀ ಟೇಲರ್ ಮತ್ತು ಅಮಾಂಡಾ ಸೆರಾನೊ ಮೂರನೇ ಸಲ ಎದುರಾದರಲ್ಲ, ಆವತ್ತಿನಿಂದ ನಮ್ಮ ಗೆಳೆಯರಲ್ಲಿ ಎರಡು ಪಕ್ಷ ಆಗಿವೆ. ಇದೇ ಈ ಕಾಲದ ಅಲಿ–ಫ್ರೇಜಿಯರ್ (1970ರ ದಶಕದ ಹೆವಿವೇಟ್ ಜೋಡಿ) ಅಂತ ಒಂದು ಪಕ್ಷ. ಅಲಿ–ಫ್ರೇಜಿಯರ್ ಹೆಸರು ಎತ್ತುವ ಮೊದಲು ಬಾಯಿ ತೊಳೆದುಕೊಂಡು ಬನ್ನಿ ಅಂತ ಇನ್ನೊಂದು ಪಕ್ಷ.

ನನ್ನ ತಲೆನೋವು ಬೇರೆ. ಬೇರೆ ಬೇರೆ ಕಾಲದವರನ್ನು ಹೋಲಿಸೋದು ಹೇಗೆ? 1940ರ ಹೊತ್ತಿನವರು ಕೆಲವೊಮ್ಮೆ ಒಂದೇ ತಿಂಗಳಲ್ಲಿ ಮೂರು ಸಲ ರಿಂಗ್ ಹತ್ತುತ್ತಿದ್ದರು. ಈಗಿನ ಚಾಂಪಿಯನ್‌ಗಳು ವರ್ಷಕ್ಕೆ ಎರಡು ಸಲ ಆಡಿದರೆ ಜಾಸ್ತಿ. ಆಗ 15 ಸುತ್ತು, ಈಗ 12. ಆಗ ಮುಖ್ಯವಾಗಿ ಎಂಟು ತೂಕ, ಎಂಟು ಚಾಂಪಿಯನ್. ಈಗ 17 ತೂಕ, ಒಂದೊಂದಕ್ಕೆ ನಾಲ್ಕು ಬೆಲ್ಟ್, ಯಾರು ನಿಜವಾದ ಚಾಂಪಿಯನ್ ಅಂತ ಕೇಳಿದರೆ ಅರ್ಧ ಗಂಟೆ ವಿವರಿಸಬೇಕು.

ನನ್ನ ಲೆಕ್ಕ ಇಷ್ಟೇ. ಇಬ್ಬರೂ ಒಂದೊಂದು ಸಲವಾದರೂ ಗೆದ್ದಿರಬೇಕು, ಇಬ್ಬರೂ ಗಟ್ಟಿ ಇದ್ದಾಗಲೇ ಆಡಿರಬೇಕು. ಹೀಗೆ ನೋಡಿದರೆ ಟೇಲರ್ 3–0, ಹಾಗಾಗಿ ಆ ಜೋಡಿ ಹೊರಗೆ. ಸರಿ ತಾನೇ? ನಿಮ್ಮ ಲೆಕ್ಕ ಹೇಳಿ.

ರಾಯಚೂರು_ಜಂಕ್ಷನ್:
ಪ್ಯಾಕಿಯಾವೊ–ಮಾರ್ಕ್ವೆಜ್. ನಾಲ್ಕು ಪಂದ್ಯ. ಬೀಗ ಹಾಕಿ ಚರ್ಚೆಗೆ.

ಸುಮ್ನೆ_ಓದೋನು:
ಬೀಗ ಹಾಕಿದ ಚರ್ಚೆ ನೂರು ಪುಟ ಹೋಗುತ್ತೆ, ಗೊತ್ತು ನಂಗೆ. ಚಹಾ ತಂದೆ.

ಗರಡಿ_ಕಾಕಾ_ಕೊಪ್ಪಳ:
ತಮ್ಮಾ ಬಳ್ಳಾರಿ, ನಿನ್ನ ಲೆಕ್ಕದಲ್ಲಿ ಒಂದು ತೊಂದರೆ ಇದೆ. ಇಬ್ಬರೂ ಗಟ್ಟಿ ಇದ್ದಾಗ ಅಂದೆ. ಅಲಿ–ಫ್ರೇಜಿಯರ್ ಮೂರು ಪಂದ್ಯದಲ್ಲಿ ಹಾಗೆ ಇದ್ದದ್ದು ಯಾವಾಗ? 1971ರ ಮಾರ್ಚ್ 8ರಂದು, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ. ಆಗಲೂ ಅಲಿ ಪೂರ್ತಿ ಗಟ್ಟಿ ಇರಲಿಲ್ಲ. ಸೇನೆಗೆ ಸೇರಲ್ಲ ಅಂದಿದ್ದಕ್ಕೆ 1967ರಲ್ಲಿ ಪಟ್ಟ ಕಿತ್ತುಕೊಂಡು ಮೂರು ವರ್ಷಕ್ಕೂ ಹೆಚ್ಚು ಹೊರಗೆ ಕೂರಿಸಿದ್ದರು. ಎರಡನೇ ಸಲ ಸೇರಿದ್ದು 1974ರಲ್ಲಿ. ಅಷ್ಟೊತ್ತಿಗೆ ಫೋರ್‌ಮನ್ ಬಂದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಫ್ರೇಜಿಯರ್‌ನನ್ನು ಎರಡೇ ಸುತ್ತಿನಲ್ಲಿ ಆರು ಸಲ ಕೆಡವಿದ್ದ. 1975ರ ಮೂರನೇ ಪಂದ್ಯ, ಮನಿಲಾ ಹೊತ್ತಿಗೆ ಇಬ್ಬರೂ ಇಳಿಜಾರಿನಲ್ಲಿದ್ದರು. ಆದರೂ ಮೂರರಲ್ಲಿ ಜನ ಮರೆಯದ ಪಂದ್ಯ ಅದೇ. ಹಾಗಾದರೆ ನಿನ್ನ ಅಳತೆಕೋಲು ಮುರಿಯಿತಲ್ಲ?

ಜೋಡಿ ಕೂಡಿಸೋದು ಅಂದರೇನು ಅಂತ ಗರಡಿಯಲ್ಲಿ ಬೆಳೆದವನಿಗೆ ಗೊತ್ತು. ತೂಕ ನೋಡುತ್ತಾರೆ, ವಯಸ್ಸು ನೋಡುತ್ತಾರೆ, ಆದರೆ ಕಣ ಬಿಸಿ ಆಗೋದು ಬೇರೆ ಕಾರಣಕ್ಕೆ. ಹೋದ ಜಾತ್ರೆಯಲ್ಲಿ ಬಿದ್ದವನು ಈ ಜಾತ್ರೆಗೆ ಏನು ಕಲಿತು ಬಂದಿದ್ದಾನೆ ಅಂತ ಜನ ಕಾಯುತ್ತಾರೆ. ನನ್ನ ಅಳತೆ ಅದು. ಸೋತವನು ಮುಂದಿನ ಸಲ ಏನು ಬದಲಿಸಿದ?

ರೆಕಾರ್ಡ್_ಬುಕ್:
ಕಾಕಾ ಹೇಳಿದ ಅಳತೆಗೆ ಜೋ ಲೂಯಿ–ಮ್ಯಾಕ್ಸ್ ಶ್ಮೆಲಿಂಗ್‌ಗಿಂತ ಒಳ್ಳೆ ಉದಾಹರಣೆ ಸಿಗೋದು ಕಷ್ಟ. 1936ರ ಜೂನ್ 19, ಯಾಂಕೀ ಸ್ಟೇಡಿಯಂ. ಲೂಯಿ ಅಲ್ಲಿವರೆಗೆ ಸೋತವನೇ ಅಲ್ಲ. ಜರ್ಮನಿಯ ಶ್ಮೆಲಿಂಗ್ ಅವನ ಹಳೆ ಪಂದ್ಯಗಳನ್ನು ನೋಡಿ ಒಂದು ವಿಷಯ ಹಿಡಿದಿದ್ದ. ಲೂಯಿ ಎಡಗೈಯಿಂದ ಜಾಬ್ (ನೇರ ಚುಟುಕು ಏಟು) ಹೊಡೆದ ಮೇಲೆ ಆ ಕೈ ಕೆಳಗೆ ಇಳಿಯುತ್ತೆ. ಆ ಸಂದಿಗೇ ಬಲಗೈ ಬಿಡುತ್ತಾ ಹೋದ. 12ನೇ ಸುತ್ತಿನಲ್ಲಿ ನಾಕೌಟ್.

ಎರಡು ವರ್ಷ ಬಿಟ್ಟು ಅದೇ ಜಾಗ, 1938ರ ಜೂನ್ 22. ಲೂಯಿ ಆಗಲೇ ಚಾಂಪಿಯನ್ ಆಗಿದ್ದ. ಈ ಸಲ ಜಾಬ್ ಹೊಡೆದು ದೂರ ನಿಲ್ಲುವ ಆಟವೇ ಇಲ್ಲ. ಗಂಟೆ ಹೊಡೆದ ಕೂಡಲೇ ಒಳಗೆ ನುಗ್ಗಿದ. ಮೂರು ಸಲ ಕೆಡವಿದ. 2 ನಿಮಿಷ 4 ಸೆಕೆಂಡಿಗೆ ಮುಗಿಯಿತು. ಸುಮಾರು 70,000 ಜನ ಬಂದಿದ್ದರು, ಅದರಲ್ಲಿ ಎಷ್ಟು ಜನ ಇನ್ನೂ ಸೀಟು ಹುಡುಕುತ್ತಾ ಇದ್ದರೋ.

ರಾಯಚೂರು_ಜಂಕ್ಷನ್:
ಎರಡೇ ಪಂದ್ಯ, ಅದರಲ್ಲೊಂದು ಎರಡು ನಿಮಿಷ. ಇದು ಪೈಪೋಟಿನಾ? ಹಿಟ್ಲರ್ ಹೆಸರು ಅಂಟಿಕೊಂಡಿದ್ದಕ್ಕೆ ದೊಡ್ಡದಾಯಿತು ಅಷ್ಟೇ.

ಗರಡಿ_ಕಾಕಾ_ಕೊಪ್ಪಳ:
ಅಂಟಿಕೊಂಡದ್ದು ನಿಜ. ಆದರೆ ಶ್ಮೆಲಿಂಗ್ ನಾಜಿ ಪಕ್ಷಕ್ಕೆ ಸೇರಲೇ ಇಲ್ಲ. ಅವನ ಮ್ಯಾನೇಜರ್ ಯಹೂದಿ. 1938ರ ನವೆಂಬರ್ ದಂಗೆಯಲ್ಲಿ ಇಬ್ಬರು ಯಹೂದಿ ಹುಡುಗರನ್ನು ತನ್ನ ಹೋಟೆಲ್ ಕೋಣೆಯಲ್ಲಿ ಬಚ್ಚಿಟ್ಟು ಉಳಿಸಿದ. ಯುದ್ಧ ಮುಗಿದ ಮೇಲೆ ಇಬ್ಬರೂ ಸ್ನೇಹಿತರಾದರು. ಲೂಯಿಗೆ ತೆರಿಗೆ ಬಾಕಿ ತಲೆ ಮೇಲೆ ಬಂದಾಗ ಹಣ ಕೊಟ್ಟವನು ಇವನೇ, 1981ರಲ್ಲಿ ಸತ್ತಾಗ ಅಂತ್ಯಕ್ರಿಯೆ ಖರ್ಚಿಗೆ ಕೈ ಹಾಕಿದವನೂ ಇವನೇ. ತಾನು 99 ವರ್ಷ ಬದುಕಿದ. ಎರಡೇ ಪಂದ್ಯ ಇರಬಹುದು ಜಂಕ್ಷನ್, ಆ ಎರಡರ ಹಿಂದೆ ಮುಂದೆ ಇರೋದು ನೋಡು.

ಬಿಸಿಲೂರು_ಬಳ್ಳಾರಿ:
ಕಾಕಾ, ಅದು ಕಥೆ ಚೆನ್ನಾಗಿದೆ ಅಂತಾಯಿತು. ಪೈಪೋಟಿ ಚೆನ್ನಾಗಿದೆ ಅಂತ ಆಗಲಿಲ್ಲ. ಎರಡನ್ನೂ ಬೆರೆಸಬೇಡಿ.

ರಾಯಚೂರು_ಜಂಕ್ಷನ್:
ಹಾಂ! ಅದನ್ನೇ ಹೇಳ್ತಾ ಇರೋದು. ಈಗ ನನ್ನ ಜೋಡಿಗೆ ಬನ್ನಿ. 2004ರ ಮೇ ತಿಂಗಳು, ಮೊದಲ ಪಂದ್ಯ. ಮೊದಲ ಸುತ್ತಿನಲ್ಲೇ ಪ್ಯಾಕಿಯಾವೊ ಮಾರ್ಕ್ವೆಜ್‌ನನ್ನು ಮೂರು ಸಲ ಕೆಡವಿದ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಮನೆಗೆ. ಮಾರ್ಕ್ವೆಜ್ ಎದ್ದು, ಮೂಗಲ್ಲಿ ರಕ್ತ ಸುರಿಸಿಕೊಂಡು, ಎಡಗೈ ಆಟಗಾರನ ಲಯ ಹಿಡಿದು, ಉಳಿದ ಸುತ್ತುಗಳಲ್ಲಿ ಬಲಗೈ ಕೌಂಟರ್ (ಎದುರೇಟು) ಹೊಡೆದು ಹೊಡೆದು ಪಂದ್ಯವನ್ನು ಡ್ರಾ ಮಾಡಿದ. 2008ರಲ್ಲಿ ಪ್ಯಾಕಿಯಾವೊ ಕೂದಲೆಳೆಯಲ್ಲಿ ಗೆದ್ದ. 2011ರಲ್ಲೂ ಪಾಯಿಂಟ್ಸ್ ಮೇಲೆ ಅವನಿಗೇ ಕೊಟ್ಟರು, ಅವತ್ತು ಮಾರ್ಕ್ವೆಜ್ ಗೆದ್ದ ಅಂತ ಇವತ್ತಿಗೂ ಜಗಳ ಆಡುವವರಿದ್ದಾರೆ. ಕೊನೆಗೆ 2012ರ ಡಿಸೆಂಬರ್ 8. ಪ್ಯಾಕಿಯಾವೊ ಮೇಲುಗೈ ಪಡೆದಿದ್ದ, ಆರನೇ ಸುತ್ತು ಮುಗಿಯೋಕೆ ಒಂದೇ ಸೆಕೆಂಡ್ ಇತ್ತು, ಮುಂದೆ ನುಗ್ಗಿದ. ಎಂಟು ವರ್ಷದಿಂದ ಕಾಯುತ್ತಿದ್ದ ಬಲಗೈ ಅಲ್ಲೇ ಇತ್ತು. ಮುಖ ಕೆಳಗೆ ಮಾಡಿ ಬಿದ್ದವನು ಅಲ್ಲಾಡಲಿಲ್ಲ.

ಒಟ್ಟು 42 ಸುತ್ತು. ಕಾಕಾ ಅವರ ಅಳತೆಯಲ್ಲೇ ಅಳೆಯಿರಿ, ಸೋತವನು ಪ್ರತಿ ಸಲ ಬದಲಾಗಿ ಬಂದ.

ರೆಕಾರ್ಡ್_ಬುಕ್:
ಮೊದಲ ಪಂದ್ಯದ ಡ್ರಾ ಬಗ್ಗೆ ಒಂದು ಸೇರಿಸುತ್ತೇನೆ. ಸುತ್ತು ಗೆದ್ದವನಿಗೆ 10, ಸೋತವನಿಗೆ ಅದಕ್ಕಿಂತ ಕಡಿಮೆ ಪಾಯಿಂಟ್. ಮೂರು ಸಲ ಬಿದ್ದ ಸುತ್ತಿಗೆ ಇಬ್ಬರು ಜಡ್ಜ್ 10–6 ಕೊಟ್ಟರು, ಒಬ್ಬರು 10–7 ಕೊಟ್ಟರು. ಆ ಒಬ್ಬರ ಕಾರ್ಡ್ (ಒಟ್ಟು ಅಂಕಪಟ್ಟಿ) 113–113ಕ್ಕೆ ನಿಂತಿತು. ಅವರೂ 10–6 ಕೊಟ್ಟಿದ್ದರೆ ಪ್ಯಾಕಿಯಾವೊ ಗೆದ್ದುಬಿಡುತ್ತಿದ್ದ. ಆ ಜಡ್ಜ್ ಆಮೇಲೆ ತಾನು ಕೊಟ್ಟದ್ದು ಸರಿಯಿಲ್ಲ ಅಂತ ಹೇಳಿದರು.

ಸುಮ್ನೆ_ಓದೋನು:
ಒಂದು ಪಾಯಿಂಟಿಗೆ ಎಂಟು ವರ್ಷದ ವ್ಯಾಜ್ಯ. ನಮ್ಮ ಹೊಲದ ಬದು ಇದಕ್ಕಿಂತ ಬೇಗ ಇತ್ಯರ್ಥ ಆಯಿತು.

ತೋರಣಗಲ್ಲು_ನೈಟ್‌ಶಿಫ್ಟ್:
ನೀವೆಲ್ಲ ಟಿವಿ, ಮೊಬೈಲ್ ಬಾಕ್ಸಿಂಗ್ ಮಾತಾಡ್ತಾ ಇದ್ದೀರಿ. ನಮ್ಮ ಸಂಡೂರು ತಾಲೂಕಿನಲ್ಲೇ, ತೋರಣಗಲ್ಲಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಪುರುಷರ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು, ನೆನಪಿದೆಯಾ? ಅಲ್ಲಿ ದಿನಾ ಬೆಳಗ್ಗೆ ಅಭ್ಯಾಸ ಮಾಡುವ ಹುಡುಗ ಹುಡುಗಿಯರನ್ನು ಕೇಳಿ. ಅವರಿಗೆ ಪೈಪೋಟಿ ಅಂದರೆ ಬೆಲ್ಟ್ ಅಲ್ಲ, ದುಡ್ಡೂ ಅಲ್ಲ. ಒಂದೇ ತೂಕದಲ್ಲಿ ಇಬ್ಬರಿದ್ದರೆ ಭಾರತದ ಜರ್ಸಿ ಸಿಗೋದು ಒಬ್ಬರಿಗೆ. ಮೂರು ನಿಮಿಷದ ಮೂರು ಸುತ್ತು, ಒಂಬತ್ತು ನಿಮಿಷಕ್ಕೆ ಎಲ್ಲ ತೀರ್ಮಾನ.

ಹಾಗಾಗಿ ನನ್ನ ಓಟು ಮೇರಿ ಕೋಮ್–ನಿಖತ್ ಜರೀನ್.

ರಾಯಚೂರು_ಜಂಕ್ಷನ್:
ಅಣ್ಣ, ಪ್ರೀತಿಯಿಂದ ಹೇಳ್ತೀನಿ, ಅದು ಪೈಪೋಟಿ ಅಲ್ಲ, ಅದು ಅರ್ಜಿ ಗಲಾಟೆ.

ಗಂಗಾವತಿ_ಪಿಟಿ_ಟೀಚರ್:
ಅರ್ಜಿ ಗಲಾಟೆ ಅಂತ ಸುಲಭವಾಗಿ ತಳ್ಳಬೇಡಿ. ಆಗ ಮೇರಿ ಆರು ಸಲ ವಿಶ್ವ ಚಾಂಪಿಯನ್, 2012ರ ಲಂಡನ್ ಕಂಚು ಗೆದ್ದವರು, ದೇಶಕ್ಕೆಲ್ಲ ದೊಡ್ಡ ಅಕ್ಕ. ನಿಖತ್ ಇಪ್ಪತ್ತಮೂರರ ಹುಡುಗಿ. ಒಲಿಂಪಿಕ್ ಅರ್ಹತಾ ಪಂದ್ಯಕ್ಕೆ ಟ್ರಯಲ್ ಇಲ್ಲದೆ ಹೆಸರು ಹಾಕುವ ಮಾತು ಬಂದಾಗ, ನಂಗೂ ಒಂದು ಅವಕಾಶ ಕೊಡಿ ಅಂತ ಕ್ರೀಡಾ ಸಚಿವರಿಗೇ ಬಹಿರಂಗವಾಗಿ ಬರೆದಳು. ಹಾಗೆ ಕೇಳೋಕೆ ಎಷ್ಟು ಗುಂಡಿಗೆ ಬೇಕು ಹೇಳಿ. 2019ರ ಡಿಸೆಂಬರ್ 28ಕ್ಕೆ ದೆಹಲಿಯಲ್ಲಿ ಟ್ರಯಲ್ ಆಯಿತು. ಮೇರಿ 9–1ರಲ್ಲಿ ಗೆದ್ದರು. ಆಮೇಲೆ ಕೈ ಕುಲುಕಲಿಲ್ಲ.

ಕೈ ಕುಲುಕದಿದ್ದದ್ದು ಇಷ್ಟವಾಗಲಿಲ್ಲ ನನಗೆ. ಆದರೆ ಅದೇ ಹುಡುಗಿ 2022ರಲ್ಲಿ ಇಸ್ತಾಂಬುಲ್‌ನಲ್ಲಿ ವಿಶ್ವ ಚಾಂಪಿಯನ್, 2023ರಲ್ಲಿ ದೆಹಲಿಯಲ್ಲಿ ಮತ್ತೆ. ಬಿದ್ದವಳು ಏನು ಕಲಿತು ಬಂದಳು ಅಂತ ಕಾಕಾ ಕೇಳಿದರಲ್ಲ, ಉತ್ತರ ಇಲ್ಲಿದೆ.

ಗರಡಿ_ಕಾಕಾ_ಕೊಪ್ಪಳ:
ಕಲಿತದ್ದು ಹೌದು ಮೇಡಂ. ಆದರೆ ಕಲಿತದ್ದನ್ನು ಮೇರಿ ಮೇಲೆ ತೋರಿಸೋಕೆ ಆಗಲಿಲ್ಲ. ಸೋಲಿಸಿದವನನ್ನೇ ತಿರುಗಿ ಎದುರಿಸಿದರೆ ಮಾತ್ರ ಆ ಲೆಕ್ಕ ಮುಗಿಯೋದು.

ಗಂಗಾವತಿ_ಪಿಟಿ_ಟೀಚರ್:
ಅದು ಅವಳ ತಪ್ಪಾ? 2022ರಲ್ಲಿ ಕಾಮನ್‌ವೆಲ್ತ್ ಟ್ರಯಲ್ ನಡುವೆ ಮೇರಿಗೆ ಮೊಣಕಾಲು ಪೆಟ್ಟಾಯಿತು. ವಯಸ್ಸೂ ಆಗಿತ್ತು.

ಸುಮ್ನೆ_ಓದೋನು:
ನಿಖತ್ ನಿಜಾಮಾಬಾದಿನವರು. ರಾಯಚೂರಿನವರಿಗೆ ಗಡಿ ದಾಟಿದರೆ ಅವರದೇ ರಾಜ್ಯ, ನೆಂಟಸ್ತಿಕೆ ಲೆಕ್ಕಕ್ಕಾದರೂ ಜಂಕ್ಷನ್ ಸಪೋರ್ಟ್ ಮಾಡಬೇಕಿತ್ತು.

ರಾಯಚೂರು_ಜಂಕ್ಷನ್:
ಗೆದ್ದಾಗ ಪಟಾಕಿ ಹೊಡೆದವನೇ ನಾನು. ಪ್ರಶ್ನೆ ಅದಲ್ಲವಲ್ಲ.

ಸಿಂಧನೂರು_ಮೆಡಿಕಲ್ಸ್:
ಎಲ್ಲರೂ 15 ಸುತ್ತು 15 ಸುತ್ತು ಅಂತ ಕನಸು ಕಾಣ್ತಾ ಇದ್ದೀರಿ. ಅದು 12 ಆಗಿದ್ದು ಯಾಕೆ ಅಂತ ಯಾರೂ ಹೇಳಲಿಲ್ಲ. 1982ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ರೇ ಮಾನ್ಸಿನಿ ಜೊತೆ ಆಡಿದ ದಕ್ಷಿಣ ಕೊರಿಯಾದ ಕಿಮ್ ಡುಕ್-ಕೂ 14ನೇ ಸುತ್ತಿನಲ್ಲಿ ಬಿದ್ದ. ಮೆದುಳಲ್ಲಿ ರಕ್ತ ಸೋರಿತ್ತು. ಕೆಲವೇ ದಿನಗಳಲ್ಲಿ ಸತ್ತ. ಅದಾದ ಮೇಲೆ ಬೆಲ್ಟ್ ಕೊಡುವ ಸಂಸ್ಥೆಗಳಲ್ಲಿ ಒಂದಾದ ಡಬ್ಲ್ಯೂಬಿಸಿ 12ಕ್ಕೆ ಇಳಿಸಿತು, ಉಳಿದವರು ಅದೇ ದಶಕದಲ್ಲಿ ಹಿಂದೆ ಬಂದರು. ಅಲಿಗೆ ಪಾರ್ಕಿನ್‌ಸನ್ ಲಕ್ಷಣ ಇದೆ ಅಂತ ಗೊತ್ತಾದದ್ದು 1984ರಲ್ಲಿ. ವಯಸ್ಸು 42.

ಹಳೆ ಕಾಲದ ಪೈಪೋಟಿ ದೊಡ್ಡದಾಗಿ ಕಾಣೋದಕ್ಕೆ ಒಂದು ಕಾರಣ, ಅವರನ್ನು ಯಾರೂ ತಡೆಯುತ್ತಿರಲಿಲ್ಲ. ಅದನ್ನು ಅಂಕ ಅಂತ ಕೂಡಿಸಬೇಕಾ?

ಗರಡಿ_ಕಾಕಾ_ಕೊಪ್ಪಳ:
ತಡೆದವರೂ ಇದ್ದರಪ್ಪಾ. ಮನಿಲಾದಲ್ಲಿ ಪಂದ್ಯ ಶುರುವಾದದ್ದು ಬೆಳಗ್ಗೆ ಹತ್ತೂ ಮುಕ್ಕಾಲಿಗೆ, ಅಮೆರಿಕದ ಟಿವಿ ಸಮಯಕ್ಕೆ ಹೊಂದಿಸೋಕೆ. ನಮ್ಮಲ್ಲಿಯ ಒಣ ಬಿಸಿಲಲ್ಲ ಅದು, ಬೆವರು ಆರದ ಸೆಖೆ. 14ನೇ ಸುತ್ತು ಮುಗಿಯುವಾಗ ಫ್ರೇಜಿಯರ್‌ನ ಬಲಗಣ್ಣು ಊದಿ ಮುಚ್ಚಿತ್ತು. ಎಡಗಣ್ಣು ಮೊದಲಿನಿಂದಲೂ ಮಂಜು, ಅದನ್ನು ವರ್ಷಗಟ್ಟಲೆ ಮುಚ್ಚಿಟ್ಟಿದ್ದ. ಅಂದರೆ ಎದುರಿಗೆ ಬರುವ ಏಟು ಕಾಣುತ್ತಿಲ್ಲ. ಕಾರ್ನರ್‌ನಲ್ಲಿದ್ದ ಅವನ ತರಬೇತುದಾರ ಎಡ್ಡೀ ಫಚ್ ಸಾಕು ಅಂದರು. ಫ್ರೇಜಿಯರ್ ಬೇಡ ಬೇಡ ಅಂತಿದ್ದರೂ ಕೂರಿಸಿದರು. ಇವತ್ತು ನೀನು ಇಲ್ಲಿ ಮಾಡಿದ್ದನ್ನು ಯಾರೂ ಮರೆಯಲ್ಲ ಮಗನೇ, ಅಂತ ಹೇಳಿ ಪಂದ್ಯ ನಿಲ್ಲಿಸಿದರು. ಉಳಿದದ್ದು ಮೂರೇ ನಿಮಿಷ. ಗರಡಿಯಲ್ಲಿ ವಸ್ತಾದ್ ಅಂದರೆ ಹಾಗಿರಬೇಕು ಅಂತ ನಾನು ಹುಡುಗರಿಗೆ ಹೇಳ್ತಾ ಇರ್ತೀನಿ.

ಬಿಸಿಲೂರು_ಬಳ್ಳಾರಿ:
ಮನಿಲಾ ಪಂದ್ಯ 1975ರ ಅಕ್ಟೋಬರ್ 1. ಬಳ್ಳಾರಿ ಮದ್ರಾಸ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದೂ ಅಕ್ಟೋಬರ್ 1, 1953ರಲ್ಲಿ. ಸುಮ್ನೆ ಹೇಳಿದೆ.

ಸುಮ್ನೆ_ಓದೋನು:
ನನ್ನ ಹೆಸರು ಯಾಕೆ ಎಳೀತೀರಿ.

ಕೌಲ್‌ಬಜಾರ್_ಹಿರಿಯ:
ಮದ್ರಾಸ್ ಅಂದಿರಿ ಅಂತ ಬಂದೆ. ಅಲಿ 1980ರಲ್ಲಿ ಮದ್ರಾಸಿಗೆ ಬಂದಿದ್ದರು. ಎಂಜಿಆರ್ ಮುಖ್ಯಮಂತ್ರಿ ಆಗಿದ್ದ ಕಾಲ. ಜಿಮ್ಮಿ ಎಲಿಸ್ ಜೊತೆ ಪ್ರದರ್ಶನ ಪಂದ್ಯ ಆಡಿದರು. ಅವರನ್ನು ನೋಡೋಕೆ ನಮ್ಮ ದೊಡ್ಡಪ್ಪ ರೈಲು ಹತ್ತಿ ಹೋಗಿದ್ದರು. ವಾಪಸ್ ಬಂದು ಪಂದ್ಯದ ಬಗ್ಗೆ ಒಂದು ಮಾತೂ ಹೇಳಲಿಲ್ಲ, ಅಲಿ ಎಷ್ಟು ಎತ್ತರ ಇದ್ದಾರೆ ಅನ್ನೋದನ್ನೇ ಊರೆಲ್ಲ ಹೇಳಿಕೊಂಡು ತಿರುಗಿದರು. ಅದೇ ಸಲ ದೆಹಲಿಯಲ್ಲಿ ನಮ್ಮ ಸೇನೆಯ ಕೌರ್ ಸಿಂಗ್ ಅಲಿ ಜೊತೆ ನಾಲ್ಕು ಸುತ್ತು ಪ್ರದರ್ಶನ ಪಂದ್ಯ ಆಡಿದರು. ಅವರೇ 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಹೆವಿವೇಟ್ ಚಿನ್ನ ಗೆದ್ದವರು. 2023ರಲ್ಲಿ ತೀರಿಕೊಂಡರು. ಎಷ್ಟು ಜನಕ್ಕೆ ಅವರ ಹೆಸರು ಗೊತ್ತು?

ತೋರಣಗಲ್ಲು_ನೈಟ್‌ಶಿಫ್ಟ್:
ನಂಗೆ ಗೊತ್ತಿರಲಿಲ್ಲ ಹಿರಿಯರೇ. ಥ್ಯಾಂಕ್ಸ್.

ಗಂಗಾವತಿ_ಪಿಟಿ_ಟೀಚರ್:
ಅಲಿ ಅಲಿ ಅಂತ ಎಲ್ಲರೂ ಕುಣಿಯೋದು ಸರಿ, ಫ್ರೇಜಿಯರ್‌ಗೆ ಅವನು ಮಾಡಿದ್ದು ಯಾರೂ ಹೇಳ್ತಿಲ್ಲ. ಅಲಿಗೆ ಲೈಸೆನ್ಸ್ ಇಲ್ಲದ ಕಾಲದಲ್ಲಿ ಫ್ರೇಜಿಯರ್ ಹಣ ಕೊಟ್ಟು ಸಹಾಯ ಮಾಡಿದ್ದ, ಅವನಿಗೆ ವಾಪಸ್ ಆಡಲು ಬಿಡಿ ಅಂತ ದೊಡ್ಡವರ ಹತ್ತಿರ ಮಾತಾಡಿದ್ದ. ಅದಕ್ಕೆ ಪ್ರತಿಯಾಗಿ ಅಲಿ ಏನು ಮಾಡಿದ? ಬಿಳಿಯರ ಬಾಲ ಅಂದ. ಗೊರಿಲ್ಲಾ ಅಂದ, ಮನಿಲಾಕ್ಕೆ ಮೊದಲು ರಬ್ಬರ್ ಗೊರಿಲ್ಲಾ ಬೊಂಬೆ ಹಿಡಿದು ಟಿವಿ ಮುಂದೆ ಗುದ್ದಿ ತೋರಿಸಿದ. ಫ್ರೇಜಿಯರ್ ದಕ್ಷಿಣ ಕರೊಲಿನಾದ ಬಡ ರೈತ ಮನೆಯವನು, ಫಿಲಡೆಲ್ಫಿಯಾದಲ್ಲಿ ಕಸಾಯಿಖಾನೆಯಲ್ಲಿ ದುಡಿದವನು. ಅವನ ಮಕ್ಕಳು ಶಾಲೆಗೆ ಹೋದರೆ ಅಲ್ಲೂ ಅದೇ ಹೆಸರು ಹೇಳಿ ರೇಗಿಸುತ್ತಿದ್ದರಂತೆ. ಅಲಿ 2001ರಲ್ಲಿ ಪತ್ರಿಕೆಯೊಂದರ ಮೂಲಕ ಕ್ಷಮೆ ಕೇಳಿದ. ಇಪ್ಪತ್ತಾರು ವರ್ಷ ಆದ ಮೇಲೆ!

ಪಂದ್ಯ ಮಾರೋಕೆ ಹಾಗೆಲ್ಲ ಮಾತಾಡಬೇಕಾಗುತ್ತೆ ಅಂತ ಯಾರಾದರೂ ಹೇಳುವ ಮೊದಲೇ ಹೇಳ್ತೀನಿ. 1971ರ ಪಂದ್ಯಕ್ಕೆ ತಲಾ 25 ಲಕ್ಷ ಡಾಲರ್ ಮೊದಲೇ ನಿಗದಿ ಆಗಿತ್ತು. ಮಾರೋದೇನೂ ಬಾಕಿ ಇರಲಿಲ್ಲ.

ಬಿಸಿಲೂರು_ಬಳ್ಳಾರಿ:
ಅಕ್ಕಾ, ಇದು ಗಟ್ಟಿ ಮಾತು. ಆದರೆ ದ್ವೇಷ ಇದ್ದದ್ದಕ್ಕೇ ಆ ಪೈಪೋಟಿ ಅಷ್ಟು ಬೆಳೆಯಿತು ಅನ್ನೋದೂ ನಿಜ ಅಲ್ವಾ?

ಗಂಗಾವತಿ_ಪಿಟಿ_ಟೀಚರ್:
ದ್ವೇಷ ಇದ್ದದ್ದು ಒಂದೇ ಕಡೆ. ಅಲಿಗೆ ಅದು ಆಟ, ಫ್ರೇಜಿಯರ್‌ಗೆ ಸಾಯುವ ತನಕ ಗಾಯ. ಫಿಲಡೆಲ್ಫಿಯಾದಲ್ಲಿ ಸಿನಿಮಾದ ಕಾಲ್ಪನಿಕ ಬಾಕ್ಸರ್‌ಗೆ ದಶಕಗಳಿಂದ ಪ್ರತಿಮೆ ಇದೆ, ನಿಜವಾದ ಚಾಂಪಿಯನ್ ಫ್ರೇಜಿಯರ್‌ಗೆ ಸಿಕ್ಕಿದ್ದು 2015ರಲ್ಲಿ, ಸತ್ತು ನಾಲ್ಕು ವರ್ಷಕ್ಕೆ. ಕನಿಷ್ಠ ಇಲ್ಲಾದರೂ ಫ್ರೇಜಿಯರ್–ಅಲಿ ಅಂತ ಅವನ ಹೆಸರು ಮೊದಲು ಬರೆಯಿರಿ. ಮೊದಲ ಪಂದ್ಯ ಗೆದ್ದವನು ಅವನೇ, 15ನೇ ಸುತ್ತಿನಲ್ಲಿ ಎಡಗೈ ಹುಕ್‌ನಿಂದ ಕೆಡವಿದವನೂ ಅವನೇ.

ರೆಕಾರ್ಡ್_ಬುಕ್:
ಮುಂದಿನ ತಲೆಮಾರೂ ಆಡಿತು. 2001ರ ಜೂನ್‌ನಲ್ಲಿ ಅಲಿ ಮಗಳು ಲೈಲಾ, ಫ್ರೇಜಿಯರ್ ಮಗಳು ಜಾಕಿ. ಎಂಟು ಸುತ್ತು. ಲೈಲಾ ಪಾಯಿಂಟ್ಸ್ ಮೇಲೆ ಗೆದ್ದಳು. ಜಾಕಿ ವಕೀಲೆ, ತಡವಾಗಿ ಗ್ಲೌಸ್ ಹಾಕಿಕೊಂಡವಳು, ಆದರೂ ಕೊನೆಯವರೆಗೆ ನಿಂತಳು.

ಸುಮ್ನೆ_ಓದೋನು:
ವ್ಯಾಜ್ಯ ಮಕ್ಕಳಿಗೂ ಬಂತು ಅಂದರೆ ನಮ್ಮ ಬದುವಿನ ಕೇಸೇ ಇದು.

ತೋರಣಗಲ್ಲು_ನೈಟ್‌ಶಿಫ್ಟ್:
ದ್ವೇಷ ಬೇಕೇ ಬೇಕು ಅಂತೇನಿಲ್ಲ. ಆರ್ಟುರೊ ಗಾಟಿ–ಮಿಕ್ಕಿ ವಾರ್ಡ್ ನೋಡಿ. 2002 ಮೇ, 2002 ನವೆಂಬರ್, 2003 ಜೂನ್. ಒಂದು ಬೆಲ್ಟ್ ಇರಲಿಲ್ಲ ಮೂರರಲ್ಲೂ. 30 ಸುತ್ತು ಒಬ್ಬರನ್ನೊಬ್ಬರು ಜಜ್ಜಿಕೊಂಡರು. ಮೊದಲ ಪಂದ್ಯದ ಒಂಬತ್ತನೇ ಸುತ್ತು ಹುಡುಕಿ ನೋಡಿ, ವಾರ್ಡ್ ಪಕ್ಕೆಗೆ ಎಡಗೈ ಹುಕ್ ಹಾಕಿ ಕೆಡವಿದ, ಗಾಟಿ ಮುಖ ಕಿವುಚಿಕೊಂಡು ಎದ್ದ, ಮುಗಿದೇ ಹೋಯಿತು ಅನ್ನುವಾಗ ತಿರುಗಿ ಹೊಡೆಯೋಕೆ ಶುರು ಮಾಡಿದ, ಮತ್ತೆ ವಾರ್ಡ್, ಮತ್ತೆ ಗಾಟಿ. ಮೂರು ನಿಮಿಷದಲ್ಲಿ ನಾಲ್ಕು ಸಲ ಪಂದ್ಯ ತಿರುಗಿತು. ಆಮೇಲೆ ಜೀವದ ಗೆಳೆಯರಾದರು. 2007ರಲ್ಲಿ ಗಾಟಿಯ ಕೊನೆಯ ಪಂದ್ಯಕ್ಕೆ ತರಬೇತಿ ಕೊಟ್ಟವನು ವಾರ್ಡ್!

ರಾಯಚೂರು_ಜಂಕ್ಷನ್:
ಗಾಟಿ–ವಾರ್ಡ್ ಮನರಂಜನೆ. ಆ ಕಾಲದ ಅತಿ ದೊಡ್ಡ ಆಟಗಾರರು ಅವರಲ್ಲ. ಬಳ್ಳಾರಿ ಕೇಳಿದ್ದು "ದೊಡ್ಡ" ಪೈಪೋಟಿ.

ತೋರಣಗಲ್ಲು_ನೈಟ್‌ಶಿಫ್ಟ್:
ಕಾರಹುಣ್ಣಿಮೆಗೆ ನಿಮ್ಮ ರಾಯಚೂರಿನಲ್ಲಿ ಎತ್ತುಗಳಿಂದ ಭಾರದ ಕಲ್ಲು ಎಳೆಸ್ತಾರಲ್ಲ, ಅಲ್ಲಿ ಜನ ಸೇರೋದು ಎತ್ತಿನ ವಂಶ ನೋಡೋಕಾ, ಎಳೆಯೋದು ನೋಡೋಕಾ?

ರಾಯಚೂರು_ಜಂಕ್ಷನ್:
ವಂಶ ಕೇಳಿಯೇ ಪಂದ್ಯ ಕಟ್ಟೋದು ಅಣ್ಣ, ನೀವು ಬಂದಿಲ್ಲ ಅನ್ಸುತ್ತೆ 😄

ರೆಕಾರ್ಡ್_ಬುಕ್:
ಯಾರೂ ಶುಗರ್ ರೇ ರಾಬಿನ್‌ಸನ್–ಜೇಕ್ ಲಮೋಟಾ ಎತ್ತಲಿಲ್ಲ, ಆಶ್ಚರ್ಯ. 1942ರಿಂದ 1951ರೊಳಗೆ ಆರು ಪಂದ್ಯ. ರಾಬಿನ್‌ಸನ್ ಐದು, ಲಮೋಟಾ ಒಂದು. ಆ ಒಂದು ಎಂಥದ್ದು ಅಂದರೆ, 1943ರ ಫೆಬ್ರವರಿ 5, ಡೆಟ್ರಾಯಿಟ್, ರಾಬಿನ್‌ಸನ್ ವೃತ್ತಿಜೀವನದ ಮೊದಲ ಸೋಲು. ಲಮೋಟಾ ಅವನಿಗಿಂತ ಹದಿನೈದು ಪೌಂಡ್ ಹತ್ತಿರ ಜಾಸ್ತಿ ತೂಕ. ರಿಂಗಿನಿಂದಲೇ ಆಚೆ ತಳ್ಳಿದ್ದ. ಈಗಿನವರಾಗಿದ್ದರೆ ಒಂದು ವರ್ಷ ಮಾತುಕತೆ, ಇನ್ನೊಂದು ವರ್ಷ ಕರಾರು. ರಾಬಿನ್‌ಸನ್ ಎರಡು ವಾರಕ್ಕೆ ಇನ್ನೊಬ್ಬನ ಜೊತೆ ಆಡಿ ಗೆದ್ದ, ಅದಾಗಿ ಒಂದು ವಾರಕ್ಕೆ ಅದೇ ಡೆಟ್ರಾಯಿಟ್‌ನಲ್ಲಿ ಲಮೋಟಾ ಮುಂದೆ ನಿಂತು ಗೆದ್ದ. ಎಲ್ಲ ಒಂದೇ ತಿಂಗಳು.

ಕೊನೆಯದು 1951ರ ಫೆಬ್ರವರಿ 14, ಷಿಕಾಗೊ. 13ನೇ ಸುತ್ತಿನಲ್ಲಿ ರೆಫ್ರಿ ನಿಲ್ಲಿಸಬೇಕಾಯಿತು. ಲಮೋಟಾ ಹಗ್ಗ ಹಿಡಿದು ನಿಂತಿದ್ದ, ಬೀಳಲಿಲ್ಲ. ಶುಗರ್ ಜೊತೆ ಅಷ್ಟು ಸಲ ಬಡಿದಾಡಿದ್ದೇನೆ, ನನಗೆ ಶುಗರ್ ಕಾಯಿಲೆ ಬರದಿದ್ದದ್ದೇ ಆಶ್ಚರ್ಯ ಅಂತ ಆಮೇಲೆ ಹೋದಲ್ಲೆಲ್ಲ ಹೇಳುತ್ತಿದ್ದ.

ಸಿಂಧನೂರು_ಮೆಡಿಕಲ್ಸ್:
ಈ ಜೋಕ್ ನಮ್ಮ ಅಂಗಡಿಯಲ್ಲಿ ಬೋರ್ಡ್ ಬರೆಸಿ ಹಾಕ್ತೀನಿ.

ಬಿಸಿಲೂರು_ಬಳ್ಳಾರಿ:
5–1 ಅಂದರೆ ನನ್ನ ಲೆಕ್ಕದಲ್ಲಿ ಕಷ್ಟ ರೆಕಾರ್ಡ್ ಅಣ್ಣ. ಇನ್ನೊಂದು, ಆ ಕಾಲ ಪವಿತ್ರ ಅಂತೇನೂ ಅಲ್ಲ. ಇದೇ ಲಮೋಟಾ 1947ರಲ್ಲಿ ಬಿಲ್ಲೀ ಫಾಕ್ಸ್ ಎದುರು ಬೇಕಂತಲೇ ಸೋತ. ಟೈಟಲ್ ಪಂದ್ಯ ಸಿಗಬೇಕಾದರೆ ಗೂಂಡಾಗಳ ಮಾತು ಕೇಳಬೇಕಿತ್ತು. 1960ರಲ್ಲಿ ಸೆನೆಟ್ ಸಮಿತಿ ಮುಂದೆ ಅವನೇ ಹೇಳಿದ. ಆಗ ಎಷ್ಟು ಪಂದ್ಯ ನಿಜ, ಎಷ್ಟು ಸುಳ್ಳು ಅಂತ ಹೇಗೆ ನಂಬೋದು?

ರೆಕಾರ್ಡ್_ಬುಕ್:
ರಾಬಿನ್‌ಸನ್ ಜೊತೆಗಿನ ಆರನ್ನು ನೋಡಿದವರು ಯಾರೂ ಸುಳ್ಳು ಅಂದಿಲ್ಲ. ಈಗ ಗೂಂಡಾ ಬದಲು ನಾಲ್ಕು ಸಂಸ್ಥೆ, ಎರಡು ಟಿವಿ ಕಂಪನಿ. ಮೇವೆದರ್–ಪ್ಯಾಕಿಯಾವೊ 2009ರಿಂದ ಮಾತು ನಡೆದು 2015ಕ್ಕೆ ಆಯಿತು. ಅಮೆರಿಕದಲ್ಲೇ 46 ಲಕ್ಷ ಮನೆಯವರು ದುಡ್ಡು ಕೊಟ್ಟು ನೋಡಿದರು. ಏನು ಸಿಕ್ಕಿತು?

ಸುಮ್ನೆ_ಓದೋನು:
ನಿದ್ದೆ.

ಕೌಲ್‌ಬಜಾರ್_ಹಿರಿಯ:
ನನ್ನ ಮಟ್ಟಿಗೆ 1980ರ ದಶಕದ ನಾಲ್ವರು. ಲೆನಾರ್ಡ್, ಡುರಾನ್, ಹರ್ನ್ಸ್, ಹ್ಯಾಗ್ಲರ್. ಒಂದು ಜೋಡಿ ಅಲ್ಲ, ನಾಲ್ಕು ಜನರ ಗಂಟು. ಪ್ರತಿಯೊಬ್ಬರೂ ಉಳಿದ ಮೂವರನ್ನು ಎದುರಿಸಿದ್ದಾರೆ, ತಪ್ಪಿಸಿಕೊಂಡು ಓಡಲಿಲ್ಲ. ಕೊಪ್ಪಳದವರ ಅಳತೆಗೆ ಇಲ್ಲಿ ಒಳ್ಳೆ ಸಾಕ್ಷಿ ಇದೆ. 1980ರ ಜೂನ್‌ನಲ್ಲಿ ಮಾಂಟ್ರಿಯಾಲ್‌ನಲ್ಲಿ ಡುರಾನ್ ಬೈದು ಬೈದು ಲೆನಾರ್ಡ್‌ನ ತಲೆ ಕೆಡಿಸಿದ. ಸಿಟ್ಟಿಗೆದ್ದ ಲೆನಾರ್ಡ್ ಅವನ ಆಟವನ್ನೇ ಆಡಲು ಹೋಗಿ ಸೋತ. ಐದೇ ತಿಂಗಳಿಗೆ ನ್ಯೂ ಆರ್ಲಿಯನ್ಸ್. ಲೆನಾರ್ಡ್ ಈ ಸಲ ನಿಲ್ಲಲೇ ಇಲ್ಲ. ಸುತ್ತಿದ, ಅಣಕಿಸಿದ, ಬಲಗೈ ಗಿರಗಿರ ತಿರುಗಿಸಿ ಎಡಗೈಯಿಂದ ಮುಖಕ್ಕೆ ಕೊಟ್ಟ. ಎಂಟನೇ ಸುತ್ತಿನಲ್ಲಿ ಡುರಾನ್ ಬೆನ್ನು ತಿರುಗಿಸಿ ಕೈ ಆಡಿಸಿ ಸಾಕು ಅಂದುಬಿಟ್ಟ. ಹೊಟ್ಟೆನೋವು ಅಂತ ಆಮೇಲೆ ಹೇಳಿದ. ಪನಾಮಾದಲ್ಲಿ ದೇವರಂತೆ ಇದ್ದವನ ಮನೆಗೆ ಜನ ಕಲ್ಲು ಹೊಡೆದರು.

ಹ್ಯಾಗ್ಲರ್–ಹರ್ನ್ಸ್ ಒಂದೇ ಸಲ, 1985ರ ಏಪ್ರಿಲ್ 15. ಮೂರು ಸುತ್ತೂ ಪೂರ್ತಿ ಆಗಲಿಲ್ಲ. ಮೊದಲ ಸುತ್ತಿನಲ್ಲೇ ಹರ್ನ್ಸ್ ಬಲಗೈ ಮೂಳೆ ಮುರಿದುಕೊಂಡ. ಇದನ್ನು ಪೈಪೋಟಿ ಪಟ್ಟಿಗೆ ಸೇರಿಸೋಕಾಗಲ್ಲ, ಆದರೆ ನೋಡದೆ ಸಾಯಬೇಡಿ.

ಗರಡಿ_ಕಾಕಾ_ಕೊಪ್ಪಳ:
ಹಿರಿಯರೇ, ನಿಮಗೊಂದು ಒಗ್ಗರಣೆ ಮಿರ್ಚಿ ನನ್ನ ಲೆಕ್ಕದಲ್ಲಿ. ಲೆನಾರ್ಡ್ ಮಾಡಿದ್ದನ್ನೇ ನಾನು ಹೇಳ್ತಾ ಇದ್ದದ್ದು.

ರಾಯಚೂರು_ಜಂಕ್ಷನ್:
ಒಗ್ಗರಣೆ ಮಿರ್ಚಿ ಬಳ್ಳಾರಿಯಲ್ಲಿ ತಿನ್ನಿ ಕಾಕಾ, ಕೊಪ್ಪಳದ್ದು ಬೇಡ.

ಗರಡಿ_ಕಾಕಾ_ಕೊಪ್ಪಳ:
ಗವಿಮಠದ ಜಾತ್ರೆಗೆ ಬಾ, ಮಿರ್ಚಿ ದಾಸೋಹದಲ್ಲಿ ಕೂರಿಸ್ತೀನಿ. ಆಮೇಲೆ ಮಾತಾಡು.

ಗಂಗಾವತಿ_ಪಿಟಿ_ಟೀಚರ್:
ಮಿರ್ಚಿ ಬಿಡಿ. ಶುರುವಿನ ಪ್ರಶ್ನೆಗೆ ಬರೋಣ. ಟೇಲರ್ 3–0 ಅಂತ ಹೊರಗೆ ಹಾಕಿದಿರಲ್ಲ, ಆ ಮೂರರ ಕಾರ್ಡ್ ನೋಡಿದ್ದೀರಾ? 2022ರ ಏಪ್ರಿಲ್‌ನಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮುಖ್ಯ ಪಂದ್ಯವಾಗಿ ಮಹಿಳೆಯರು ಆಡಿದ್ದು ಅದೇ ಮೊದಲು. ಐದನೇ ಸುತ್ತಿನಲ್ಲಿ ಸೆರಾನೊ ಟೇಲರ್‌ನ ಮುಗಿಸಿಯೇ ಬಿಟ್ಟಳು ಅನ್ನಿಸಿತ್ತು. ಅಲ್ಲಿಂದ ಎದ್ದು ಬಂದು ಟೇಲರ್ ಗೆದ್ದಳು, ಅದೂ ಒಬ್ಬ ಜಡ್ಜ್ ಸೆರಾನೊಗೆ ಕೊಟ್ಟರು. 2024ರ ನವೆಂಬರ್‌ನಲ್ಲಿ ಟೆಕ್ಸಾಸ್, ಮೂರೂ ಕಾರ್ಡ್ 95–94. ತಲೆ ತಾಗಿಸಿದ್ದಕ್ಕೆ ಟೇಲರ್‌ಗೆ ಒಂದು ಪಾಯಿಂಟ್ ಕಡಿತ, ಸೆರಾನೊ ಕಣ್ಣಿನ ಮೇಲೆ ಬಾಯಿ ತೆರೆದ ಗಾಯ. 2025ರದ್ದರಲ್ಲಿ ಒಬ್ಬ ಜಡ್ಜ್ ಸಮ ಕೊಟ್ಟರು. ಇದನ್ನು 3–0 ಅಂತ ಓದಿದರೆ ಪಂದ್ಯ ನೋಡದೆ ಪೇಪರ್ ನೋಡಿದ ಹಾಗೆ.

ಇನ್ನೊಂದು ವಿಷಯ. ಅವರಿಗೆ ಎರಡು ನಿಮಿಷದ ಹತ್ತು ಸುತ್ತು. ಸೆರಾನೊ ಪುರುಷರಂತೆ ಮೂರು ನಿಮಿಷದ 12 ಸುತ್ತು ಬೇಕು ಅಂತ ಹಟ ಹಿಡಿದವಳು, 2023ರಲ್ಲಿ ಹಾಗೇ ಒಂದು ಪಂದ್ಯ ಆಡಿಯೂ ತೋರಿಸಿದಳು, ಒಪ್ಪದ ಡಬ್ಲ್ಯೂಬಿಸಿಗೆ ಅವರ ಬೆಲ್ಟ್ ವಾಪಸ್ ಕೊಟ್ಟಳು. ಟೇಲರ್ ಜೊತೆ ಮೂರು ನಿಮಿಷದ ಸುತ್ತು ಇದ್ದಿದ್ದರೆ ಆ ಐದನೇ ಸುತ್ತಿನಲ್ಲಿ ಏನಾಗುತ್ತಿತ್ತು? ಯೋಚನೆ ಮಾಡಿ.

ಬಿಸಿಲೂರು_ಬಳ್ಳಾರಿ:
ಐದನೇ ಸುತ್ತು ಈಗ ನೋಡಿ ಬಂದೆ. ಇನ್ನೊಂದು ನಿಮಿಷ ಇದ್ದಿದ್ದರೆ ಟೇಲರ್ ಉಳೀತಿರಲಿಲ್ಲ ಅನ್ನಿಸುತ್ತೆ. ಸರಿ, ಆ ಜೋಡಿ ಒಳಗೆ. ಆದರೆ ಫ್ರೇಜಿಯರ್–ಅಲಿಗೆ ಕೆಳಗೆ.

ಗಂಗಾವತಿ_ಪಿಟಿ_ಟೀಚರ್:
ಹೆಸರು ಸರಿಯಾದ ಕ್ರಮದಲ್ಲಿ ಬರೆದಿದ್ದಕ್ಕೆ ಇವತ್ತಿಗೆ ಬಿಟ್ಟಿದ್ದೇನೆ.

ಹೊಸಬ_ಲಿಂಗಸುಗೂರು:
ತಡವಾಗಿ ಬಂದೆ. ಫ್ಯೂರಿ–ವೈಲ್ಡರ್ ಯಾರೂ ಹೇಳಲಿಲ್ವಾ? 2018ರಲ್ಲಿ 12ನೇ ಸುತ್ತಿನಲ್ಲಿ ಹೆಣದಂತೆ ಬಿದ್ದು ಎದ್ದ ಫ್ಯೂರಿ! ಮೂರನೇ ಪಂದ್ಯದಲ್ಲಿ ಇಬ್ಬರೂ ಸೇರಿ ಐದು ಸಲ ನೆಲ ಕಂಡರು.

ರೆಕಾರ್ಡ್_ಬುಕ್:
ನೋಡೋಕೆ ಭರ್ಜರಿ. ಆದರೆ ವೈಲ್ಡರ್ ಮೂರು ಪಂದ್ಯದಲ್ಲೂ ಒಂದೇ ಬಲಗೈ ನಂಬಿ ಬಂದ. ಎರಡನೇ ಪಂದ್ಯ ಸೋತ ಮೇಲೆ, ರಿಂಗಿಗೆ ನಡೆದು ಬರುವಾಗ ಹಾಕಿಕೊಂಡ ವೇಷದ ಭಾರ ಕಾರಣ ಅಂದ. ಕಾಕಾ ಅವರ ಅಳತೆಯಲ್ಲಿ ಫೇಲ್.

ಹೊಸಬ_ಲಿಂಗಸುಗೂರು:
ಉಸಿಕ್–ಫ್ಯೂರಿ?

ರಾಯಚೂರು_ಜಂಕ್ಷನ್:
ಎರಡಕ್ಕೆ ಎರಡೂ ಉಸಿಕ್. ಚೆನ್ನಾಗಿತ್ತು, ಮುಂದೆ ಹೋಗೋಣ. ಭಾನುವಾರ ಯಾರಾದರೂ ಸೇರಿ ನೋಡೋದಾದರೆ ಪಟ್ಟಿ ಮಾಡಿ. ನನ್ನದು 2004 ಮತ್ತು 2012.

ತೋರಣಗಲ್ಲು_ನೈಟ್‌ಶಿಫ್ಟ್:
ಭಾನುವಾರ ನಂಗೆ ರಜೆ. ಗಾಟಿ–ವಾರ್ಡ್ ಮೊದಲನೆಯದು ಹಾಕಿ. ಪ್ರೊಜೆಕ್ಟರ್ ನಾನು ತರ್ತೀನಿ.

ಕೌಲ್‌ಬಜಾರ್_ಹಿರಿಯ:
ಮಾಂಟ್ರಿಯಾಲ್ ಮತ್ತು ನ್ಯೂ ಆರ್ಲಿಯನ್ಸ್ ಒಂದರ ಹಿಂದೆ ಒಂದು ನೋಡಬೇಕು. ಬಿಡಿಬಿಡಿಯಾಗಿ ಬೇಡ.

ರೆಕಾರ್ಡ್_ಬುಕ್:
ಹಾಗಾದರೆ ಯಾರಿಗೂ ಗೊತ್ತಿಲ್ಲದ ಒಂದು ಸೇರಿಸಿ, ವಿಲ್ಲೀ ಪೆಪ್–ಸ್ಯಾಂಡೀ ಸ್ಯಾಡ್ಲರ್. ಫೆದರ್‌ವೇಟ್, 1948ರಿಂದ 1951, ನಾಲ್ಕು ಪಂದ್ಯ. ಪೆಪ್ ಮುಟ್ಟೋಕೆ ಸಿಗದ ಆಟಗಾರ, 1947ರಲ್ಲಿ ವಿಮಾನ ಬಿದ್ದು ಬೆನ್ನುಮೂಳೆ ಮುರಿದರೂ ಅದೇ ವರ್ಷ ರಿಂಗಿಗೆ ಮರಳಿದವನು. ಸ್ಯಾಡ್ಲರ್ ಮೂರು ಗೆದ್ದ. ಪೆಪ್ ಗೆದ್ದ ಒಂದು, 1949ರ ಫೆಬ್ರವರಿಯದು, ಬುದ್ಧಿಯಿಂದ ಆಡಿದ 15 ಸುತ್ತಿಗೆ ಪಾಠಪುಸ್ತಕ. ಆದರೆ ನಾಲ್ಕನೆಯದು ಹೊಲಸು. ಕಾಲು ತೊಡರಿಸೋದು, ಕತ್ತು ಹಿಡಿಯೋದು, ಕಣ್ಣಿಗೆ ಹೆಬ್ಬೆರಳು. ಇಬ್ಬರೂ ತಬ್ಬಿಕೊಂಡು ಉರುಳಿದರು, ಬಿಡಿಸೋಕೆ ಹೋದ ರೆಫ್ರಿಯೂ ನೆಲಕ್ಕೆ. ಆಮೇಲೆ ನ್ಯೂಯಾರ್ಕಿನ ಆಯೋಗ ಇಬ್ಬರಿಗೂ ಆಡೋದಕ್ಕೆ ನಿಷೇಧ ಹಾಕಿತು.

ಗರಡಿ_ಕಾಕಾ_ಕೊಪ್ಪಳ:
ರೆಫ್ರಿಯೂ ಬಿದ್ದನಾ? ಅದನ್ನು ಮೊದಲು ಹಾಕಿ. ನನ್ನ ಹುಡುಗರನ್ನೂ ಕರ್ಕೊಂಡು ಬರ್ತೀನಿ, ಯಾರ ಪಟ್ಟು ಸರಿ ಇತ್ತು ಅಂತ ನಾವು ಹೇಳ್ತೀವಿ.